ನಮ್ಮ ಫ್ಯಾಕ್ಟರಿ ನೋಡಲು ಹೋದ ಭಾನುವಾರ

ನಾನು ಚಿಕ್ಕವನಿದ್ದಾಗ ನಾವು ಮನೆಯವರೆಲ್ಲ ಒಂದು ಫ್ಯಾಕ್ಟರಿಯ ಮಾಲಿಕರಾಗಿದ್ದೆವು. ನಗಬೇಡಿ ಮಕ್ಕಳೇ, ಹಾಗೆಂದು ಅಪ್ಪನೇ ಹೇಳಿದ್ದರು. ಅದನ್ನು ನಂಬಿಕೊಂಡು ನಾವು ಒಂದು ಭಾನುವಾರ ಒಳ್ಳೆಯ ಬಟ್ಟೆ ಹಾಕಿಕೊಂಡು ನಮ್ಮ ಫ್ಯಾಕ್ಟರಿಯನ್ನು ನೋಡಲು ಹೋದೆವು. ಆ ದಿನದ ಕತೆಯನ್ನೇ ನಿಮಗೆ ಹೇಳಬೇಕೆಂದಿದ್ದೇನೆ.

ಆಗ ನಾವು ಡೊಂಬಿವಲಿಯ ಒಂದು ಚಾಳಿನಲ್ಲಿದ್ದೆವು. ಒಂದು ಕೋಣೆ, ಒಂದು ಪುಟ್ಟ ಅಡುಗೆಮನೆ, ಹೊರಗೆ ಎಲ್ಲರಿಗೂ ಸೇರಿದ ಉದ್ದನೆಯ ವರಾಂಡ. ಗಾಳಿ ಕಾರ್ಖಾನೆಗಳ ಕಡೆಯಿಂದ ಬೀಸಿದರೆ ಹುಳಿಹುಳಿಯಾದ ರಸಾಯನದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅಮ್ಮ ಕಿಟಕಿ ಮುಚ್ಚಿ ಊದುಬತ್ತಿ ಹಚ್ಚುತ್ತಿದ್ದರು. ಅಪ್ಪ ಉಡುಪಿಯ ಕಡೆಯಿಂದ ಮೀಸೆ ಮೂಡುವ ಮೊದಲೇ ಇಲ್ಲಿಗೆ ಬಂದವರು. ಠಾಣೆಯ ನೌಪಾಡಾದ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ, ಕೊನೆಗೆ ಗಿರಾಕಿಗಳಿಂದ ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ ಕೂರುವಷ್ಟರ ಮಟ್ಟಿಗೆ ಬಂದಿದ್ದರು. ಬೆಳಿಗ್ಗೆ ಅವರು ಹೊರಟರೆ ರಾತ್ರಿ ನಾವು ಮಲಗುವ ಹೊತ್ತಿಗೆ ಬರುತ್ತಿದ್ದರು. ಅವರ ಅಂಗಿಯಲ್ಲಿ ಯಾವಾಗಲೂ ಕಾಫಿಯ ಡಿಕಾಕ್ಷನ್ನಿನ ವಾಸನೆ.

ಶೇರಿನ ಹುಚ್ಚು ಅವರಿಗೆ ಹಿಡಿದದ್ದು ಆ ಗಲ್ಲೆಯಲ್ಲಿ ಕೂತೇ. ಶೇರು ಎಂದರೇನೆಂದು ನಿಮಗೆ ಸುಲಭವಾಗಿ ಹೇಳುತ್ತೇನೆ. ಯಾರಿಗೋ ಒಂದು ಫ್ಯಾಕ್ಟರಿ ಕಟ್ಟಬೇಕು, ಕೈಯಲ್ಲಿ ಅಷ್ಟು ಹಣವಿಲ್ಲ. ಅವರು ಊರ ಜನರನ್ನು ಕೇಳುತ್ತಾರೆ: ನೀವೆಲ್ಲ ಸ್ವಲ್ಪ ಸ್ವಲ್ಪ ಕೊಡಿ, ಫ್ಯಾಕ್ಟರಿಯಲ್ಲಿ ನಿಮಗೂ ಒಂದೊಂದು ಪಾಲು. ಆ ಪಾಲೇ ಶೇರು. ಬಹಳ ಹಿಂದಿನಿಂದ ಅದು ಮುಂಬೈಯ ಫೋರ್ಟ್ ಕಡೆಯ ಸೇಠರ ವ್ಯವಹಾರವಾಗಿತ್ತು. ಅಲ್ಲಿ ದೊಡ್ಡ ಹಜಾರವೊಂದರಲ್ಲಿ ದಲಾಲರು ಮೈಗೆ ಮೈ ತಾಗಿಸಿ ನಿಂತು, ಕೈ ಎತ್ತಿ ಗಂಟಲು ಹರಿಯುವ ಹಾಗೆ ಕೂಗಿ ಶೇರು ಕೊಳ್ಳುತ್ತಿದ್ದರು, ಮಾರುತ್ತಿದ್ದರು. ನಮ್ಮಂಥವರಿಗೆ ಅದರ ಗೊಡವೆ ಇರಲಿಲ್ಲ. ನಾನು ಶಾಲೆಗೆ ಹೋಗುವ ಹೊತ್ತಿಗೆ ಆ ವ್ಯವಹಾರ ಲೋಕಲ್ ಟ್ರೇನು ಹತ್ತಿ ಠಾಣೆಗೆ, ಡೊಂಬಿವಲಿಗೆ, ಕಲ್ಯಾಣಕ್ಕೆ ಬಂದುಬಿಟ್ಟಿತು. ಸ್ಟೇಷನ್ನಿನ ಹೊರಗೆ ವಡಾಪಾವಿನ ಗಾಡಿಯ ಪಕ್ಕದಲ್ಲಿ ಹೊಸಹೊಸ ಕಂಪನಿಗಳ ಅರ್ಜಿ ಫಾರ್ಮುಗಳ ಕಟ್ಟು ಇಟ್ಟುಕೊಂಡು ಜನ ಕೂರತೊಡಗಿದರು. ಬ್ಯಾಂಕಿನ ಮುಂದೆ ಅರ್ಜಿ ಹಾಕಲು ಸಾಲು ನಿಲ್ಲುತ್ತಿತ್ತು. ಮಾಸ್ತರರು, ಗುಮಾಸ್ತರು, ದರ್ಜಿಗಳು, ಎಲ್ಲರೂ ಆ ಸಾಲಿನಲ್ಲಿದ್ದರು.

ಅಕ್ಕ ನನಗಿಂತ ಬಹಳ ದೊಡ್ಡವಳು. ಹನ್ನೆರಡನೆಯ ತರಗತಿ ಪಾಸಾಗಿ, ಔಷಧಿಯ ಬಾಟಲಿಗಳಿಗೆ ಚೀಟಿ ಅಂಟಿಸುವ ಒಂದು ಸಣ್ಣ ಕಾರ್ಖಾನೆಗೆ ಹೋಗುತ್ತಿದ್ದಳು. ಅದು ಅವಳು ಬಯಸಿದ ಕೆಲಸವಲ್ಲ. ಅವಳಿಗೆ ಟೀಚರಾಗಬೇಕಿತ್ತು. ಕಲ್ಯಾಣದಲ್ಲಿ ಶಿಕ್ಷಕಿಯರ ತರಬೇತಿಯ ಕಾಲೇಜಿತ್ತು. ಅದರ ಶುಲ್ಕಕ್ಕೆಂದು ಅವಳು ಸಂಬಳದಲ್ಲಿ ಉಳಿಸುತ್ತಿದ್ದಳು. ಸಂಜೆ ಬಂದವಳೇ ಬೆರಳಿಗೆ ಮೆತ್ತಿದ ಅಂಟನ್ನು ಸೀಮೆಎಣ್ಣೆಯಿಂದ ತಿಕ್ಕಿ ತೆಗೆದು, ಚಾಳಿನ ಮಕ್ಕಳನ್ನು ವರಾಂಡದಲ್ಲಿ ಕೂರಿಸಿ ಪಾಠ ಹೇಳುತ್ತಿದ್ದಳು. ಅವಳು ಮಗ್ಗಿ ಹೇಳಿಸಿದರೆ ಎಂಥ ದಡ್ಡನಿಗೂ ಬರುತ್ತಿತ್ತು. ನನಗೂ ಬಂತು.

ಒಂದು ದಿನ ಅಪ್ಪ ನುಣುಪಾದ ಕಾಗದದ ಪುಸ್ತಿಕೆಯೊಂದನ್ನು ತಂದರು. ಕ್ಯಾಸೆಟ್ ತಯಾರಿಸುವ ಹೊಸ ಕಂಪನಿ. ಕ್ಯಾಸೆಟ್ ಎಂದರೆ ನಿಮಗೆ ಗೊತ್ತಿಲ್ಲ. ಒಳಗೆ ಕಂದು ಬಣ್ಣದ ತೆಳುವಾದ ಪಟ್ಟಿ ಸುತ್ತಿದ ಪುಟ್ಟ ಪೆಟ್ಟಿಗೆ, ಅದರಿಂದ ಹಾಡು ಕೇಳುತ್ತಿದ್ದೆವು. ಆಗ ಅದಿಲ್ಲದ ಪಾನ್ ಅಂಗಡಿಯೂ ಇರಲಿಲ್ಲ. ಪುಸ್ತಿಕೆಯ ಮೇಲೆ ಬಿಳಿಯ ಉದ್ದನೆಯ ಕಟ್ಟಡದ ಬಣ್ಣದ ಚಿತ್ರ, ಮುಂದೆ ಕಾರಂಜಿ, ಹೂವಿನ ಗಿಡಗಳು. ಅಕ್ಕ ಒಳಗಿನ ಇಂಗ್ಲಿಷನ್ನು ಓದಿ ಓದಿ ನಮಗೆ ಹೇಳಿದಳು. ಯಂತ್ರಗಳು ಪರದೇಶದಿಂದ ಬರುತ್ತವೆ, ಫ್ಯಾಕ್ಟರಿ ಇಲ್ಲೇ ತಳೋಜದಲ್ಲಿ. “ನಮ್ಮ ಹೋಟೆಲಿಗೆ ಬರುವ ಬ್ಯಾಂಕಿನವರೂ ಹಾಕಿದ್ದಾರೆ. ಮುಂದಿನ ವರ್ಷಕ್ಕೆ ಎರಡರಷ್ಟಾಗ್ತದಂತೆ” ಎಂದರು ಅಪ್ಪ. ಅಕ್ಕ ಒಂದು ರಾತ್ರಿ ಯೋಚನೆ ಮಾಡಿ ತನ್ನ ಉಳಿತಾಯವನ್ನೆಲ್ಲ ಕೊಟ್ಟಳು. ಅಪ್ಪ ಕಿತ್ತುಕೊಳ್ಳಲಿಲ್ಲ, ಅವಳೇ ಕೊಟ್ಟಳು. ಎರಡರಷ್ಟಾದರೆ ಶುಲ್ಕದ ಜೊತೆಗೆ ಪುಸ್ತಕಕ್ಕೂ ರೈಲಿನ ಪಾಸಿಗೂ ಆಗುತ್ತದೆ ಎಂದು ಅವಳ ಲೆಕ್ಕ.

ಕೆಲವು ತಿಂಗಳ ಮೇಲೆ ಅಂಚೆಯವನು ಶೇರಿನ ಸರ್ಟಿಫಿಕೇಟ್ ತಂದುಕೊಟ್ಟ. ದಪ್ಪ ಕಾಗದ, ಸುತ್ತಲೂ ಕಸೂತಿಯಂಥ ಹಸಿರು ಅಂಚು. ಅಮ್ಮ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ಆಮೇಲೆ ಏನೂ ಆಗಲಿಲ್ಲ. ಪೇಪರಿನ ಕೊನೆಯ ಪುಟದ ಇರುವೆಯಂಥ ಅಕ್ಷರಗಳಲ್ಲಿ ನಮ್ಮ ಕಂಪನಿಯ ಹೆಸರು ಸ್ವಲ್ಪ ದಿನ ಬಂತು, ಬೆಲೆ ಇಳಿಯುತ್ತ ಇಳಿಯುತ್ತ ಹೋಯಿತು, ಕೊನೆಗೆ ಹೆಸರೇ ಬರುವುದು ನಿಂತಿತು. ಶೇರನ್ನು ಮಾರಿಬಿಡೋಣವೆಂದರೆ ಕೊಳ್ಳುವವರಿರಲಿಲ್ಲ. ಅಷ್ಟರಲ್ಲಿ ಮೇ ತಿಂಗಳು ಬಂತು. ಜೂನಿನಲ್ಲಿ ಅಕ್ಕನ ಕಾಲೇಜು ಶುರುವಾಗುವುದಿತ್ತು.

ಅಪ್ಪ ಒಂದು ರಾತ್ರಿ ಊಟ ಮಾಡುತ್ತ, “ಪೇಪರಿನವರಿಗೆ ಎಂಥ ಗೊತ್ತುಂಟು? ಫ್ಯಾಕ್ಟರಿ ಇಲ್ಲೇ ಹತ್ತಿರ ಉಂಟು. ಭಾನುವಾರ ನಾವೇ ಹೋಗಿ ನೋಡಿ ಬರುವ. ನಮ್ಮ ಫ್ಯಾಕ್ಟರಿ ಅಲ್ವಾ, ಯಾರು ಬೇಡ ಅಂತಾರೆ?” ಎಂದರು. ಅಕ್ಕ ತಲೆಯೆತ್ತಲಿಲ್ಲ. ನನಗಂತೂ ಆ ರಾತ್ರಿ ನಿದ್ದೆ ಬರಲಿಲ್ಲ. ಯಂತ್ರದ ಬಾಯಿಂದ ಕ್ಯಾಸೆಟ್‌ಗಳು ಪಟಪಟ ಉದುರುವುದನ್ನೇ ಕಾಣುತ್ತ ಮಲಗಿದ್ದೆ.

ಭಾನುವಾರ ಅಪ್ಪ ರಜೆ ಕೇಳಿಕೊಂಡು ಬಂದಿದ್ದರು. ಮದುವೆಗಳಿಗೆ ಮಾತ್ರ ಹಾಕುವ ಸಫಾರಿ ಸೂಟು ಹಾಕಿಕೊಂಡರು. ಹೋಟೆಲಿನ ಅಡುಗೆಯವರಿಂದ ಕಟ್ಟಿಸಿ ತಂದ ಮೈಸೂರು ಪಾಕಿನ ಪೊಟ್ಟಣ ಅವರ ಕೈಯಲ್ಲಿತ್ತು. ಅಲ್ಲಿಯ ಕೆಲಸಗಾರರಿಗೆ ಹಂಚಬೇಕಂತೆ. ಅಮ್ಮ ಬರಲಿಲ್ಲ. ಮಧ್ಯಾಹ್ನ ನಲ್ಲಿಯಲ್ಲಿ ನೀರು ಬರುತ್ತಿತ್ತು, ಯಾರಾದರೂ ಹಿಡಿಯಬೇಕಲ್ಲ. ಒಗ್ಗರಣೆ ಅವಲಕ್ಕಿಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಕಳಿಸಿದರು.

ಪನವೇಲಿಗೆ ಹೋಗುವ ಸರಕಾರಿ ಎಸ್.ಟಿ. ಬಸ್ಸು ಹತ್ತಿದೆವು. ಶಿಳ್ ಫಾಟಾದ ಕೂಡುರಸ್ತೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಒಣಗಿದ ಗದ್ದೆ, ಬೋಳು ಗುಡ್ಡ, ಕಲ್ಲು ಒಡೆಯುವ ಕ್ವಾರಿಗಳ ಬಿಳಿ ಧೂಳು. ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತಿತ್ತು. ಅಪ್ಪ ಪಕ್ಕದ ಸೀಟಿನವರೊಡನೆ ಮರಾಠಿಯಲ್ಲಿ, “ತಳೋಜದಲ್ಲಿ ನಮ್ಮದೊಂದು ಕಂಪನಿ ಇದೆ” ಎಂದು ಹೇಳಿದ್ದು ನನಗೆ ಕೇಳಿಸಿತು. ನನಗೆ ಎದೆಯುಬ್ಬಿತು. ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು.

ತಳೋಜದಲ್ಲಿ ಇಳಿದಾಗ ಸುತ್ತ ಕಾರ್ಖಾನೆಗಳ ಹೊಗೆ, ಪಕ್ಕದ ನಾಲೆಯಲ್ಲಿ ಕೆಂಪು ನೀರು. ಅಪ್ಪ ಪುಸ್ತಿಕೆಯಲ್ಲಿದ್ದ ಪ್ಲಾಟಿನ ನಂಬರು ಕೇಳುತ್ತ ಕೇಳುತ್ತ ನಡೆದರು. ರಸ್ತೆ ಬದಿಯ ಒಂದು ಚಹದ ಟಪ್ಪರಿಯವನಿಗೆ ಕಂಪನಿಯ ಹೆಸರು ಹೇಳಿದಾಗ ಅವನು ಗ್ಲಾಸು ತೊಳೆಯುವುದನ್ನು ನಿಲ್ಲಿಸಿ, “ತೀ ಭಿಂತ್ ಕಾ?” ಎಂದ. ಆ ಗೋಡೆಯಾ, ಎಂದು. ಅಪ್ಪ, “ಗೋಡೆಯಲ್ಲ, ಕಂಪನಿ” ಎಂದರು. ಅವನು ಕೈ ತೋರಿಸಿ ಮತ್ತೆ ಗ್ಲಾಸು ತೊಳೆಯತೊಡಗಿದ.

ನಿಜಕ್ಕೂ ದೊಡ್ಡ ಗೋಡೆ. ಸುಣ್ಣ ಬಳಿದು, ನೀಲಿ ಬಣ್ಣದ ಕಬ್ಬಿಣದ ಗೇಟು ಹಾಕಿ, ಅದರ ಪಕ್ಕ ಇಂಗ್ಲಿಷಿನ ಆಳೆತ್ತರದ ಅಕ್ಷರಗಳಲ್ಲಿ ಕಂಪನಿಯ ಹೆಸರು ಬರೆದಿತ್ತು. ಅಕ್ಕ ಅದನ್ನು ಮೆಲ್ಲಗೆ ಓದಿದಳು. ಅಪ್ಪ ನನ್ನ ಕಡೆ ತಿರುಗಿ ನಕ್ಕರು. ನಾನು ಗೇಟಿಗೆ ಕಿವಿಯಿಟ್ಟೆ. ಯಂತ್ರದ ಸದ್ದು ಕೇಳಲಿಲ್ಲ. ಒಳಗೆ ಎಲ್ಲೋ ಒಂದು ಕೋಳಿ ಕೂಗಿತು.

ಅಪ್ಪ ತಟ್ಟಿದಾಗ ಗೇಟು ತೆರೆದವನು ಕಾವಲುಗಾರ. ಖಾಕಿ ಅಂಗಿಯ ಜೇಬಿನ ಮೇಲೆ ಕಂಪನಿಯ ಹೆಸರನ್ನು ಹೊಲಿದಿತ್ತು. ಅವನ ಬೆನ್ನ ಹಿಂದೆ ಕಂಡದ್ದು ಬಯಲು. ಸೊಂಟದೆತ್ತರದ ಒಣ ಹುಲ್ಲು, ಅಲ್ಲಲ್ಲಿ ಅಡಿಪಾಯಕ್ಕೆಂದು ತೋಡಿದ ಗುಂಡಿಗಳು, ತುಕ್ಕು ಹಿಡಿದ ಕಬ್ಬಿಣದ ಸರಳುಗಳ ರಾಶಿ. ಗೋಡೆಗೆ ಒರಗಿಕೊಂಡು ತಗಡು ಮತ್ತು ಗೋಣಿಯ ಒಂದು ಗುಡಿಸಲು. ನಾಲ್ಕೂ ಕಡೆ ಗೋಡೆ, ನಡುವೆ ಬಿಸಿಲು. ಮತ್ತೇನೂ ಇರಲಿಲ್ಲ.

“ಅಪ್ಪ, ಒಳಗೆ ಎಂಥದೂ ಇಲ್ಲ” ಎಂದಳು ಅಕ್ಕ.

ಅವಳ ಮಾತು ಕೇಳಿ ಕಾವಲುಗಾರನ ಮುಖ ಅರಳಿತು. “ಕನ್ನಡದವ್ರೇನ್ರಿ? ನಾವೂ ಕಲಬುರ್ಗಿ ಕಡಿಯವ್ರು. ಯಾರ್ ಬೇಕಾಗಿತ್ರಿ?”

ಅಪ್ಪ ಸಫಾರಿಯ ಅಂಚು ಎಳೆದು ಸರಿಮಾಡಿಕೊಂಡರು. ಆಮೇಲೆ, “ನಾವು ಈ ಕಂಪನಿಯ ಶೇರುದಾರರು” ಎಂದರು.

“ಅಂದ್ರ?”

“ಅಂದ್ರೆ, ಮಾಲಿಕರು ಅಂತಲೇ ಹೇಳ್ಬಹುದು.”

ಆ ಮನುಷ್ಯ ತಟ್ಟನೆ ಅಂಗಿಯ ಗುಂಡಿ ಹಾಕಿಕೊಂಡ. ಗುಡಿಸಲಿನ ಕಡೆ ತಿರುಗಿ, “ಮಾಲಕ್ರು ಬಂದಾರ, ನೀರ್ ತಗೊಂಡ್ ಬಾ” ಎಂದು ಹೆಂಡತಿಯನ್ನು ಕರೆದ. ಮಂಚ ತಂದು ಗೋಡೆಯ ನೆರಳಿಗೆ ಹಾಕಿ ತನ್ನ ಟವೆಲಿನಿಂದ ಒರೆಸಿದ. ಅವನ ಹೆಂಡತಿ ಮಣ್ಣಿನ ಮಡಕೆಯ ತಣ್ಣನೆಯ ನೀರು ಕೊಟ್ಟಳು. ನನ್ನ ವಯಸ್ಸಿನ ಒಬ್ಬ ಹುಡುಗಿ, ಅವಳ ಕಂಕುಳಲ್ಲಿ ಒಂದು ಕೂಸು, ಇಬ್ಬರೂ ನಮ್ಮ ಚಪ್ಪಲಿಗಳನ್ನು ನೋಡುತ್ತ ನಿಂತರು. ಅಪ್ಪ ಮೈಸೂರು ಪಾಕಿನ ಪೊಟ್ಟಣವನ್ನು ಆ ಹುಡುಗಿಯ ಕೈಗೆ ಕೊಟ್ಟರು. ಅವಳು ಅದನ್ನು ಬಿಚ್ಚಲಿಲ್ಲ, ಅಮ್ಮನಿಗೆ ಕೊಟ್ಟಳು.

ಕಾವಲುಗಾರ ನಮ್ಮನ್ನು ಕರೆದುಕೊಂಡು ಹುಲ್ಲಿನ ನಡುವೆ ನಡೆದ. “ಇಲ್ಲಿ ಆಫೀಸ್ ಆಗ್ತದರಿ. ಇಲ್ಲಿ ಮಶೀನ್ ಕೂಡ್ತಾವ. ಅಗೋ, ಅಲ್ಲಿ ಮಂದಿಗೆ ಉಣ್ಲಾಕ ಕ್ಯಾಂಟೀನ್. ಕಂಪನಿ ಸಾಹೇಬ್ರು ಎಲ್ಲ ತೋರ್ಸಿ ಹೇಳಿ ಹೋಗ್ಯಾರ.” ಅವನು ತೋರಿಸಿದ ಕಡೆಯೆಲ್ಲ ಹುಲ್ಲು, ಮುಳ್ಳು, ಹಲ್ಲಿ. ಮಳೆಗೆ ನೆನೆದು ಕಲ್ಲಾದ ಸಿಮೆಂಟಿನ ಮೂಟೆಗಳನ್ನು ಅವನು ತಾಡಪತ್ರಿ ಹೊದಿಸಿ ಸಾಲಾಗಿ ಜೋಡಿಸಿಟ್ಟಿದ್ದ. ಒಂದು ಸರಳೂ ಕಳುವಾಗದಂತೆ ನೋಡಿಕೊಂಡಿದ್ದೇನೆ ಎಂದ. ಯಂತ್ರ ಬರುವ ಜಾಗದಲ್ಲಿ ನಾನು ನಿಂತು ನೋಡಿದೆ. ಕಾಲಿಗೆ ಮುಳ್ಳು ಚುಚ್ಚಿತು. ಆಗಲೇ ನನಗೆ ಅಳು ಬಂದದ್ದು. ಮುಳ್ಳಿಗೆ ಎಂದುಕೊಂಡು ಅಕ್ಕ ನನ್ನ ಕಾಲು ಹಿಡಿದು ಅದನ್ನು ತೆಗೆದಳು.

ಮರಳಿ ಮಂಚಕ್ಕೆ ಬಂದಾಗ ಅವನು ಅಪ್ಪನ ಎದುರು ನೆಲದ ಮೇಲೆ ಕೂತ. ಸಾಹೇಬರು ಹೋದ ಮೇಲೆ ಮರಳಿ ಬಂದಿಲ್ಲವಂತೆ. ಕಂಪನಿ ಚಾಲೂ ಆದ ಮೇಲೆ ಅವನಿಗೂ ಅವನ ತಮ್ಮನಿಗೂ ಒಳಗೆ ಪಕ್ಕಾ ನೌಕರಿ ಎಂದು ಮಾತು ಕೊಟ್ಟಿದ್ದರಂತೆ. ಅಲ್ಲಿಯ ತನಕ ಹೆಂಡತಿ ಪಕ್ಕದ ಕಾರ್ಖಾನೆಯಲ್ಲಿ ಕಸ ಗುಡಿಸಿ ಮನೆ ನಡೆಸುತ್ತಿದ್ದಳು.

“ಭಿವಂಡ್ಯಾಗ ಗೋದಾಮಿನ ಕೆಲಸಕ್ಕ ಕರೀಲಾಕತ್ತಾರ್ರಿ. ಇರ್ಲಾಕ ಖೋಲಿ ಕೊಡ್ತಾರಂತ. ಮಂದಿ ಹಚ್ಚೋ ಮುಕಾದಮ ನಾಳಿ ಜವಾಬ್ ಕೇಳ್ಯಾನ” ಎಂದ ಅವನು. “ನಾ ಈ ಜಾಗಾ ಬಿಟ್ ಹೋದ್ರ ನೌಕ್ರಿ ಹೋಗ್ತದ. ನೀವ್ ಮಾಲಕ್ರು ಬಂದೀರಿ, ಚಲೋ ಆತು. ನೀವ ಹೇಳ್ರಿ. ಇರ್ಬೇಕೋ, ಹೋಗ್ಬೇಕೋ?”

ಅವನ ಹೆಂಡತಿ ಗುಡಿಸಲಿನ ಬಾಗಿಲಲ್ಲಿ ಕೈಕೆಲಸ ನಿಲ್ಲಿಸಿ ಅಪ್ಪನನ್ನೇ ನೋಡುತ್ತಿದ್ದಳು.

ಅಪ್ಪನ ಹಣೆಯಿಂದ ಬೆವರು ಇಳಿಯುತ್ತಿತ್ತು. ಅವರು ಆ ಬಯಲನ್ನು ನೋಡಿದರು, ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ಇಲ್ಲಿ ಏನೂ ಆಗುವುದಿಲ್ಲ, ಹೋಗು ಎಂದು ಅವನಿಗೆ ಹೇಳಿದರೆ ಅದನ್ನು ಅಕ್ಕನಿಗೂ ಹೇಳಿದ ಹಾಗೆ. ಇದು ನನಗೆ ಆಗ ತಿಳಿಯಲಿಲ್ಲ, ದೊಡ್ಡವನಾದ ಮೇಲೆ ತಿಳಿಯಿತು. ಅಪ್ಪ, “ಇರಿ. ಮಳೆ ಮುಗಿದ ಮೇಲೆ ಮಶೀನು ಬರ್ತದೆ. ಇಷ್ಟು ದಿನ ಕಾದಿದ್ದೀರಿ, ಇನ್ನು ಸ್ವಲ್ಪ ದಿನ” ಎಂದರು.

“ಇಲ್ಲ” ಎಂದಳು ಅಕ್ಕ. ಅಪ್ಪನ ಮಾತಿಗೆ ಅವಳು ಎದುರಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. “ಮಶೀನೂ ಬರುವುದಿಲ್ಲ, ಸಾಹೇಬರೂ ಬರುವುದಿಲ್ಲ. ನೀವು ಭಿವಂಡಿಗೆ ಹೋಗಿ. ನಾಳೆಯೇ ಹೋಗಿ.”

ಅವನು ಗಾಬರಿಯಿಂದ ಅಪ್ಪನ ಮುಖ ನೋಡಿದ. “ಅಕ್ಕಾರು ಹಿಂಗ್ಯಾಕ ಅಂತಾರ್ರಿ?”

“ಅವಳಿಗೆ ಇದೆಲ್ಲ ಗೊತ್ತಾಗುವುದಿಲ್ಲ. ಸಣ್ಣವಳು” ಎಂದರು ಅಪ್ಪ.

ಅವನು ನಕ್ಕ. ಎದೆಯ ಭಾರ ಇಳಿದವರ ಹಾಗೆ ನಕ್ಕು, ಹೆಂಡತಿಯ ಕಡೆ ತಿರುಗಿ ತಲೆಯಾಡಿಸಿದ. ಅವಳು ಒಳಗೆ ಹೋಗಿ ನಮಗಾಗಿ ರೊಟ್ಟಿ ಬಡಿಯತೊಡಗಿದಳು. ನಾವು ಬೇಡವೆಂದರೂ ಬಿಡಲಿಲ್ಲ. ನಮ್ಮ ಅವಲಕ್ಕಿಯನ್ನು ಆ ಮಕ್ಕಳು ತಿಂದರು, ಅವರ ಜೋಳದ ರೊಟ್ಟಿಯನ್ನು ನಾವು ತಿಂದೆವು. ಖಾರ ಚಟ್ನಿಗೆ ನನ್ನ ಬಾಯಿ ಉರಿಯಿತು. ಅಕ್ಕ ಒಂದು ತುತ್ತು ಮುರಿದು ಕೈಯಲ್ಲೇ ಹಿಡಿದು ಕೂತಿದ್ದಳು. ಹೊರಡುವಾಗ ಆ ಮನುಷ್ಯ ಗೇಟಿನ ತನಕ ಬಂದು ಅಪ್ಪನಿಗೆ ಸಲಾಮು ಹೊಡೆದ.

ಬಸ್ಸಿನಲ್ಲಿ ಅಪ್ಪ ಪರದೇಶದ ಯಂತ್ರಗಳ ವಿಷಯ ಹೇಳುತ್ತಿದ್ದರು. ಹಡಗಿನಲ್ಲಿ ಬರಬೇಕು, ಸರಕಾರದ ಒಪ್ಪಿಗೆ ಸಿಗಬೇಕು, ತಡವಾಗುವುದು ಸಹಜ. ಅಕ್ಕ ಬಹಳ ಹೊತ್ತು ಕೇಳಿಸಿಕೊಂಡಳು. ಶಿಳ್ ಫಾಟಾದ ಹತ್ತಿರ ಬಸ್ಸು ನಿಂತಾಗ, “ನನಗೆ ಹೇಳಿದ್ದು ಇರಲಿ ಅಪ್ಪ. ಅವರಿಗೆ ಯಾಕೆ ಹೇಳಿದಿರಿ?” ಎಂದಳು. ಅಪ್ಪ ಪುಸ್ತಿಕೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಅಮ್ಮ ನೀರು ತುಂಬಿಸಿ, ಬಕೆಟುಗಳಿಗೆ ಮುಚ್ಚಳ ಹಾಕಿ ಬಾಗಿಲಲ್ಲೇ ಕಾಯುತ್ತಿದ್ದರು. “ಹೇಗುಂಟು ಫ್ಯಾಕ್ಟರಿ?” ಎಂದು ಕೇಳಿದರು. “ದೊಡ್ಡದುಂಟು. ಗೋಡೆ ಎಲ್ಲ ಆಗಿದೆ” ಎಂದು ಹೇಳಿ ಅಪ್ಪ ಸಫಾರಿ ಬಿಚ್ಚಿ ಮೊಳೆಗೆ ನೇತುಹಾಕಿದರು.

ಮರುದಿನ ಬೆಳಿಗ್ಗೆ ಅಕ್ಕ ಎಂದಿನ ಹಾಗೆ ಬಾಟಲಿಯ ಕಾರ್ಖಾನೆಗೆ ಹೋದಳು. ಜೂನಿನಲ್ಲಿ ಕಲ್ಯಾಣದ ಕಾಲೇಜು ಶುರುವಾಯಿತು, ಅವಳು ಹೋಗಲಿಲ್ಲ. ಮುಂದಿನ ವರ್ಷ ಅಮ್ಮನಿಗೆ ಕಾಯಿಲೆಯಾಯಿತು, ಅದರ ಮುಂದಿನ ವರ್ಷ ಮತ್ತೇನೋ. ವರಾಂಡದ ಪಾಠ ಮೆಲ್ಲಮೆಲ್ಲಗೆ ನಿಂತಿತು. ಮಕ್ಕಳು ಬಂದು ಕೂಗಿದರೆ ತಲೆನೋವೆಂದು ಹೇಳಿಸುತ್ತಿದ್ದಳು. ಆ ಕಾರ್ಖಾನೆ ಬಾಗಿಲು ಹಾಕುವ ತನಕ ಅವಳು ಚೀಟಿ ಅಂಟಿಸಿದಳು.

ನಾವು ಫ್ಯಾಕ್ಟರಿ ನೋಡಿ ಬಂದ ವರ್ಷವೇ, ಮಳೆ ಮುಗಿದ ಮೇಲೆ, ಅವಳು ಯಾರಿಗೂ ಹೇಳದೆ ಒಬ್ಬಳೇ ತಳೋಜಕ್ಕೆ ಹೋಗಿ ಬಂದಳು. ನನಗೆ ಮಾತ್ರ ಹೇಳಿದಳು. ಗೇಟು ತೆರೆದೇ ಇತ್ತಂತೆ. ಗುಂಡಿಗಳಲ್ಲಿ ನೀರು ನಿಂತಿತ್ತು, ಸರಳುಗಳಿರಲಿಲ್ಲ, ಗುಡಿಸಲಿನ ತಗಡೂ ಇರಲಿಲ್ಲ. ಅವರು ಮಳೆಗಾಲವೆಲ್ಲ ಅಲ್ಲೇ ಇದ್ದರೆಂದೂ, ಕೂಸಿಗೆ ಜ್ವರ ಬಂದಾಗಲೂ ಜಾಗ ಬಿಡಲಿಲ್ಲವೆಂದೂ, ದಸರೆಯ ಹೊತ್ತಿಗೆ ಹೋದರೆಂದೂ ಚಹದ ಟಪ್ಪರಿಯವನು ಹೇಳಿದನಂತೆ. ಎಲ್ಲಿಗೆ ಎಂದು ಅವನಿಗೆ ತಿಳಿದಿರಲಿಲ್ಲ. ಭಿವಂಡಿಯ ಖೋಲಿ ಅಷ್ಟರಲ್ಲಿ ಬೇರೆಯವರಿಗೆ ಹೋಗಿರಬೇಕು.

ಅಪ್ಪ ಮಾತ್ರ ಹೊಸಹೊಸ ಕಂಪನಿಗಳ ಫಾರ್ಮು ತರುವುದನ್ನು ಬಿಡಲಿಲ್ಲ. ಒಂದೊಂದರಲ್ಲಿ ಸ್ವಲ್ಪ ಬಂತು, ಹೆಚ್ಚಿನವುಗಳಲ್ಲಿ ಹೋಯಿತು. ಮುಂದೆ ಕಾಗದದ ಶೇರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕಾಲ ಬಂದಾಗ ಅವರು ಹಸಿರು ಅಂಚಿನ ಆ ಕಾಗದವನ್ನು ಹಿಡಿದು ಎಲ್ಲ ಕಡೆ ಅಲೆದರು. ಅಲ್ಲಿಯವರೆಲ್ಲ ಅಂಥ ಕಂಪನಿಯೇ ಇಲ್ಲ ಎಂದರು. ಅಪ್ಪ ಈಗಿಲ್ಲ. ಅಕ್ಕನೂ ಇಲ್ಲ, ಅವಳನ್ನು ನೀವು ನೋಡಲೇ ಇಲ್ಲ.

ಈಗ ಮೊಮ್ಮಕ್ಕಳಾದ ನಿಮ್ಮ ಕಾಲ. ಕೂಗುವ ದಲಾಲರೂ ಇಲ್ಲ, ಅಂಚೆಯವನು ತರುವ ಕಾಗದವೂ ಇಲ್ಲ. ಖಾರ್‌ಘರಿನ ಈ ಮನೆಯಲ್ಲಿ ನಿಮ್ಮ ಅಪ್ಪ ಸೋಫಾದ ಮೇಲೆ ಕೂತೇ ಹೆಬ್ಬೆರಳಿನಿಂದ ಶೇರು ಕೊಳ್ಳುತ್ತಾನೆ, ಮಾರುತ್ತಾನೆ. ನಿಮ್ಮಿಬ್ಬರ ಹೆಸರಿನಲ್ಲೂ ಖಾತೆ ತೆರೆದಿದ್ದಾನೆ. ಈಗ ಕಾನೂನು ಬಿಗಿಯಾಗಿದೆ, ಹಾಗೆಲ್ಲ ಮೋಸ ಮಾಡಲಾಗುವುದಿಲ್ಲ ಎನ್ನುತ್ತಾನೆ. ಇರಬಹುದು. ಆದರೆ ಈಚೆಗೆ ಅವನು ಊಟಕ್ಕೆ ಕೂತಾಗ ಫೋನನ್ನು ಬೋರಲು ಹಾಕಿಡುತ್ತಾನೆ. ಏನಾಯಿತೆಂದು ನಿಮ್ಮ ಅಮ್ಮ ಕೇಳಿದರೆ, ಏನಿಲ್ಲ ಎನ್ನುತ್ತಾನೆ. ನಾವಾದರೂ ಬಸ್ಸು ಹತ್ತಿ ಹೋಗಿ ನೋಡಿ ಬಂದೆವು. ಇದನ್ನು ಎಲ್ಲಿಗೆ ಹೋಗಿ ನೋಡುವುದೋ ನನಗೆ ತಿಳಿಯುವುದಿಲ್ಲ.

ನಿಮ್ಮ ಮನೆಯ ಹತ್ತಿರ ನಿಲ್ಲುವ ಮೆಟ್ರೊ ತಳೋಜಕ್ಕೇ ಹೋಗುತ್ತದೆ. ತಣ್ಣನೆಯ ಗಾಳಿಯಲ್ಲಿ ಕೂತು ಅಲ್ಲಿಗೆ ಹೋಗಿ ಬರಬಹುದು. ಮೊನ್ನೆ ನಾನು ಈ ಕತೆಯನ್ನು ಬಾಯಿಮಾತಿನಲ್ಲಿ ಹೇಳಿದಾಗ ನಿಮ್ಮಲ್ಲಿ ಚಿಕ್ಕವಳು ಬಹಳ ಯೋಚನೆ ಮಾಡಿ, “ಅಜ್ಜಾ, ಆಪ್ ಲೋಗ್ ಗಲತ್ ಅಡ್ರೆಸ್ ಪೇ ಚಲೇ ಗಯೇ ಥೇ ಕ್ಯಾ?” ಎಂದು ಕೇಳಿದಳು. ತಪ್ಪು ವಿಳಾಸಕ್ಕೆ ಹೋಗಿದ್ದಿರಾ, ಎಂದು. ನೀವು ಹೊರಟಾಗ ದಾರಿ ತಪ್ಪಿದರೆ ಫೋನಿನೊಳಗಿನ ಹೆಂಗಸೊಬ್ಬಳು ಮಾತಾಡಿ ಸರಿಯಾದ ಕಡೆಗೆ ತಿರುಗಿಸುತ್ತಾಳೆ. ಅದಕ್ಕೇ, ಚಿಕ್ಕವಳೇ, ನಿನಗೆ ಹಾಗೆ ತೋರಿತು. ಅದರ ಉತ್ತರಕ್ಕಾಗಿಯೇ ಇದೆಲ್ಲವನ್ನೂ ಬರೆದೆ.

ಇಲ್ಲ ಮಗಳೇ. ನಾವು ಸರಿಯಾದ ವಿಳಾಸಕ್ಕೇ ಹೋಗಿದ್ದೆವು.